ಅಂಗೋಲಾದ್ದೇ ನೆಲ, ಆದರೆ ಅಂಗೋಲಾಕ್ಕೆ ಅಂಟಿಲ್ಲ

ಪ್ರಶ್ನೆ: ಆಫ್ರಿಕಾದ ನಕ್ಷೆಯಲ್ಲಿ ಅಂಗೋಲಾದ ಒಂದು ತುಂಡು, ಕಬಿಂಡಾ, ಕಾಂಗೋ ನದಿಯ ಉತ್ತರಕ್ಕೆ ಬೇರೆಯಾಗಿದೆ. ಹೀಗೇಕೆ? ಆ ದೇಶದ ತೈಲದ ಬಹುಪಾಲು ಅಲ್ಲಿಯದಂತೆ. ಹಾಗಾದರೆ ಅಲ್ಲಿನವರು ಸಿರಿವಂತರೇ?

ಉತ್ತರ: ಬೇರೆಯಾದದ್ದಕ್ಕೆ ಕಾರಣ ಬೆಲ್ಜಿಯಂ ದೊರೆ ಲಿಯೊಪೋಲ್ಡ್. 1885ರ ಫೆಬ್ರವರಿ 1ರಂದು ಕಬಿಂಡಾದ ಮುಖಂಡರು ಸಿಮುಲಂಬುಕೊ ಒಪ್ಪಂದಕ್ಕೆ ಸಹಿ ಹಾಕಿ ಪೋರ್ಚುಗಲ್ಲಿನ ಆಶ್ರಯ ಪಡೆದರು. ಅದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಆಫ್ರಿಕಾದ ಹಂಚಿಕೆ ನಡೆದಿತ್ತು. ಕಾಂಗೋದ ಒಳನಾಡು ಹಿಡಿದಿದ್ದ ಲಿಯೊಪೋಲ್ಡನಿಗೆ ಕಡಲಿಗೊಂದು ದಾರಿ ಬೇಕಿತ್ತು. ನದೀಮುಖದ ಉತ್ತರ ದಂಡೆ ಅವನಿಗೆ ಸಿಕ್ಕಿತು. ಇಂದಿಗೂ ಕಬಿಂಡಾಕ್ಕೂ ಅಂಗೋಲಾಕ್ಕೂ ನಡುವೆ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ನೆಲವಿದೆ. 1956ರಲ್ಲಿ ಪೋರ್ಚುಗಲ್ ಇದನ್ನು ಆಗ ತನ್ನ ವಸಾಹತಾಗಿದ್ದ ಅಂಗೋಲಾದ ಆಡಳಿತಕ್ಕೆ ಸೇರಿಸಿತು. ಪ್ರತ್ಯೇಕತಾವಾದಿಗಳ ಫ್ಲೆಕ್ ಸಂಘಟನೆಯ ತಕರಾರು ಇದರ ಮೇಲೆಯೇ: ನಾವು ಸಹಿ ಹಾಕಿದ್ದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನ ಜೊತೆ, ಅಂಗೋಲಾದ ರಾಜಧಾನಿ ಲುವಾಂಡಾದ ಜೊತೆಗಲ್ಲ.

ತೈಲದ ವಿಚಾರದಲ್ಲಿ ನೀವು ಕೇಳಿರುವುದು ತುಸು ಹಳೆಯ ಮಾತು. 1968ರಿಂದ ಅಮೆರಿಕದ ಗಲ್ಫ್ ಕಂಪನಿ ಇಲ್ಲಿಯ ಆಳವಿಲ್ಲದ ಕಡಲಿನಲ್ಲಿ ತೈಲ ತೆಗೆಯತೊಡಗಿತು. 1984ರಲ್ಲಿ ಗಲ್ಫನ್ನು ಅಮೆರಿಕದ್ದೇ ಆದ ಷೆವ್ರಾನ್ ಕೊಂಡಿತು. ದಶಕಗಳ ಕಾಲ ಅಂಗೋಲಾದ ಖಜಾನೆ ನಡೆದದ್ದೇ ಇದರಿಂದ. 2001ರ ಕೊನೆಗೆ ದಕ್ಷಿಣದ ಆಳಕಡಲಿನ ಜಿರಾಸೊಲ್ ಬಾವಿಗಳು ಶುರುವಾದ ಮೇಲೆ ಕಬಿಂಡಾದ ಪಾಲು ಇಳಿಯುತ್ತ ಬಂತು.

ಇನ್ನು ಸಿರಿವಂತಿಕೆ. ತೈಲ ಕಡಲಿನಲ್ಲಿ; ಅದರ ನೆಲೆ ಮಲೊಂಗೊ, ಬೇಲಿ ಹಾಕಿದ ಪ್ರತ್ಯೇಕ ಊರು. ಅಂಗೋಲಾದ ಅಂತರ್ಯುದ್ಧದಲ್ಲಿ ಬೇಲಿಯ ಸುತ್ತ ನೆಲಬಾಂಬು ಹೂತಿದ್ದರು. ನೌಕರರು ವಿಮಾನ ನಿಲ್ದಾಣದಿಂದ ಹೆಲಿಕಾಪ್ಟರಿನಲ್ಲಿ ನೇರ ಒಳಗೆ ಇಳಿಯುತ್ತಿದ್ದರು, ಪಕ್ಕದ ಪೇಟೆಗೆ ಅವರ ಸಂಬಳ ಹರಿದದ್ದು ಕಡಿಮೆ. 1980ರ ದಶಕದ ತಮಾಷೆ ನೋಡಿ: ಅಮೆರಿಕದ ಈ ಕಂಪನಿಗೆ ಕಾವಲಿದ್ದವರು ಅಂಗೋಲಾ ಸರ್ಕಾರದ ಬೆಂಬಲಕ್ಕೆ ಬಂದಿದ್ದ ಕಮ್ಯುನಿಸ್ಟ್ ಕ್ಯೂಬಾದ ಸೈನಿಕರು! 1985ರಲ್ಲಿ ಈ ತೈಲ ನೆಲೆಯನ್ನು ಸ್ಫೋಟಿಸಲು ಬಂದ, ಆ ಸರ್ಕಾರದ ವೈರಿ ದಕ್ಷಿಣ ಆಫ್ರಿಕಾದ ಕಮಾಂಡೊ ತುಕಡಿಯ ನಾಯಕ ಸಿಕ್ಕಿಬಿದ್ದ.

ಕಚ್ಚಾತೈಲ ಹಡಗೇರಿ ಹೋಗುತ್ತಿತ್ತು, ಊರಿಗೆ ಬೇಕಾದ ಪೆಟ್ರೋಲು ಮತ್ತೆ ಹಡಗಿನಲ್ಲೇ ಬರಬೇಕಿತ್ತು. ಮಯೊಂಬೆ ಕಾಡಿನ ಮರ, ಕಾಫಿ, ಕೋಕೊ ತೈಲದ ಮುಂದೆ ಮಂಕಾದವು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ. ದಿನಕ್ಕೆ 30,000 ಬ್ಯಾರೆಲ್ ಸಾಮರ್ಥ್ಯದ ಸಂಸ್ಕರಣಾಗಾರದ ಮೊದಲ ಹಂತ ಅಲ್ಲಿ ಉದ್ಘಾಟನೆಯಾದದ್ದು 2025ರಲ್ಲಿ, ಮೊದಲ ತೈಲ ಬಂದು ಐವತ್ತೇಳು ವರ್ಷಗಳ ನಂತರ.