ಒರಟು ದಾರಿಯಲ್ಲಿ ಗಾಲಿಕುರ್ಚಿ ತಳ್ಳುವವರಿಗೆ

ಪ್ರಶ್ನೆ: ಬೆನ್ನುಹುರಿಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಕಳೆದುಕೊಂಡಿರುವ ತಮ್ಮನನ್ನು ಗುಡ್ಡದ ಕಾಲುದಾರಿಗಳಲ್ಲಿ ಕರೆದೊಯ್ಯಲು ದಪ್ಪ ಟೈರುಗಳ, ಮೂರು ಚಕ್ರದ, ಹಿಂದಿನಿಂದ ತಳ್ಳುವ ಗಾಲಿಕುರ್ಚಿ ಕೊಂಡಿದ್ದೇವೆ. ಹಿಡಿಕೆಯಲ್ಲೇ ಬ್ರೇಕ್ ಇದೆ. ಇಳಿಜಾರು, ಕಲ್ಲು, ಕೆಸರುಗಳಲ್ಲಿ ಅದನ್ನು ಸುರಕ್ಷಿತವಾಗಿ ನಡೆಸುವುದು ಹೇಗೆ?

ಉತ್ತರ: ಮೊದಲು ಇಳಿಜಾರಿನ ಮಾತು, ಏಕೆಂದರೆ ಹೆಚ್ಚಿನ ಅಪಾಯ ಇರುವುದು ಅಲ್ಲಿಯೇ. ಕುರ್ಚಿಯೂ ತಮ್ಮನೂ ಸೇರಿ 90 ಕಿಲೊ ತೂಗುತ್ತಾರೆ ಎಂದುಕೊಳ್ಳೋಣ. 12 ಅಡಿಗೆ 1 ಅಡಿ ಏರುವ ದಾರಿಯಲ್ಲಿ ಕುರ್ಚಿ ಸುಮಾರು 7.5 ಕಿಲೊ ಭಾರದಷ್ಟು ಬಲದಿಂದ ಕೆಳಗೆ ಜಗ್ಗುತ್ತದೆ. 5 ಅಡಿಗೆ 1 ಅಡಿ ಏರುವಲ್ಲಿ ಈ ಸೆಳೆತ 17 ಕಿಲೊ ದಾಟುತ್ತದೆ. ಗಟ್ಟಿ ನೆಲದಲ್ಲಿ ಕಾಲೂರಿ ತಡೆಯಬಹುದಾದ ಈ ಸೆಳೆತವನ್ನು ಸಡಿಲ ಜಲ್ಲಿಯ ಮೇಲೋ ಒದ್ದೆ ಎಲೆಗಳ ಮೇಲೋ ತಡೆಯಲಾಗದು. ಆದ್ದರಿಂದ, ಇಳಿಯುವಾಗ ಹಿಡಿದು ನಿಲ್ಲಿಸಲಾರೆ ಎನಿಸುವ ಏರನ್ನು, ಹತ್ತಿಸುವ ಶಕ್ತಿಯಿದ್ದರೂ, ಹತ್ತಬೇಡಿ. ಬ್ರೇಕನ್ನು ಇಳಿಜಾರಿನ ತುದಿಯಲ್ಲಿಯೇ ಹಿಡಿಯಲು ಆರಂಭಿಸಬೇಕು; ವೇಗ ಬಂದ ಮೇಲೆ ಹಿಡಿದರೆ ಚಕ್ರ ನಿಂತರೂ ಟೈರು ಜಾರುತ್ತದೆ. ಕೆಸರು, ನೀರು ದಾಟಿದ ಕೂಡಲೇ ಸಮತಟ್ಟಿನಲ್ಲಿ ಬ್ರೇಕ್ ಒತ್ತಿ ಪರೀಕ್ಷಿಸಿ. ಕುರ್ಚಿಯನ್ನು ಹಿಡಿಕೆಗೆ ಬಿಗಿದ ಪಟ್ಟಿಯಿಂದ ಮಣಿಕಟ್ಟಿಗೆ ಜೋಡಿಸಿಕೊಳ್ಳುವುದು ತಯಾರಕರು ಅದನ್ನು ಒದಗಿಸಿದ್ದರೆ ಮಾತ್ರ. ಕಡಿದಾದ ಕಡೆ ಇನ್ನೊಬ್ಬರು ಜೊತೆಗೆ ಇರಲೇಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಕುರ್ಚಿ ಪಕ್ಕಕ್ಕೆ ಮಗುಚುವುದು ಸಾಮಾನ್ಯವಾಗಿ ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ, ಅಥವಾ ನಡುವೆ ತಿರುಗಿಸಲು ಹೋದಾಗ. ಅಲ್ಲಿ ನೇರವಾಗಿ ಇಳಿದು, ಸಮ ನೆಲ ತಲುಪಿದ ಮೇಲೆ ತಿರುಗಿಸಿ. ಭಾರದ ಚೀಲವನ್ನು ಹಿಡಿಕೆಗೆ ತೂಗುಹಾಕಿದರೆ ಏರಿನಲ್ಲಿ ಕುರ್ಚಿ ಹಿಂದಕ್ಕೆ ಬೀಳಬಹುದು. ಅದನ್ನು ನೀವೇ ಹೊರುವುದು ಒಳ್ಳೆಯದು.

ಕಲ್ಲು, ಬೇರು ಎದುರಾದರೆ ರಭಸದಿಂದ ಗುದ್ದಿ ದಾಟಿಸದೆ, ನಿಂತು, ತಮ್ಮನಿಗೆ ಹೇಳಿ, ಹಿಡಿಕೆಯನ್ನು ಒತ್ತಿ ಮುಂಚಕ್ರ ಎತ್ತಿ ದಾಟಿಸಿ. ಹೇಳದೆ ಬಾಗಿಸುವುದು ಕುಳಿತವರಿಗೆ ಭಯ ಹುಟ್ಟಿಸುತ್ತದೆ. ಅವರು ಎಲ್ಲಿ "ನಿಲ್ಲಿಸು" ಎಂದರೂ ಚರ್ಚೆಯಿಲ್ಲದೆ ನಿಲ್ಲಿಸಬೇಕು, ಏಕೆಂದರೆ ಬಿದ್ದರೆ ಕೈಯೂರಿ ತಪ್ಪಿಸಿಕೊಳ್ಳುವ ಅವಕಾಶ ಅವರಿಗೆ ಕಡಿಮೆ. ಕುರ್ಚಿಯನ್ನು ಎತ್ತಲೇಬೇಕಾದರೆ ಗಟ್ಟಿ ಚೌಕಟ್ಟನ್ನು ಹಿಡಿಯಿರಿ, ಕಳಚಬಲ್ಲ ಕೈಯಾನಿಕೆಯನ್ನಲ್ಲ.

ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಸಂಧಿಯ ಹತ್ತಿರ ಕೆಳಗೆ ಬಿಗಿಯಾಗಿ ಕೂರಬೇಕು. ಅದಿಲ್ಲದೆ ಎದೆಪಟ್ಟಿಯನ್ನಷ್ಟೇ ಕಟ್ಟುವುದು ಅಪಾಯಕರ: ದೇಹ ಕೆಳಗೆ ಜಾರಿದಾಗ ಅದೇ ಪಟ್ಟಿ ಕುತ್ತಿಗೆಗೆ ಸಿಗುತ್ತದೆ. ಪಾದಗಳನ್ನೂ ಪಾದಾನಿಕೆಗೆ ಕಟ್ಟಿರಿ, ಏಕೆಂದರೆ ಸ್ಪರ್ಶಜ್ಞಾನವಿಲ್ಲದ ಕಾಲು ಜಾರಿ ಚಕ್ರಕ್ಕೋ ನೆಲಕ್ಕೋ ತಾಗಿದರೆ ಅವರಿಗೆ ಗೊತ್ತಾಗುವುದಿಲ್ಲ.

ಪೆಟ್ಟು ಎದೆಯ 6ನೇ ಕಶೇರುವಿನ (ಬೆನ್ನೆಲುಬಿನ ಬಿಡಿ ಮೂಳೆಯ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಆಗಿದ್ದರೆ ಇನ್ನೊಂದು ಎಚ್ಚರ ಬೇಕು. ಮಡಚಿಕೊಂಡ ಮೂತ್ರದ ನಳಿಕೆ (ಕ್ಯಾಥೆಟರ್), ತುಂಬಿದ ಮೂತ್ರಕೋಶ, ಬಿಗಿದ ಪಟ್ಟಿ, ಇಂಥವು ರಕ್ತದೊತ್ತಡವನ್ನು ಏಕಾಏಕಿ ಅಪಾಯಕರ ಮಟ್ಟಕ್ಕೆ ಏರಿಸಬಲ್ಲವು. ಸಿಡಿಯುವಂಥ ತಲೆನೋವು, ಮುಖ ಕೆಂಪೇರುವುದು, ಪೆಟ್ಟಾದ ಮಟ್ಟದ ಮೇಲ್ಭಾಗದಲ್ಲಿ ಬೆವರು ಇದರ ಲಕ್ಷಣಗಳು. ಕೂಡಲೇ ಕುರ್ಚಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಬೆನ್ನು ನೆಟ್ಟಗೆ ಕೂರಿಸಿ, ಬಿಗಿತ ಸಡಿಲಿಸಿ, ನಳಿಕೆ ನೋಡಿ. ಕಡಿಮೆಯಾಗದಿದ್ದರೆ ತುರ್ತು ವೈದ್ಯಕೀಯ ನೆರವು ಕರೆಯಿರಿ.

ಕುಲುಕಾಟದಲ್ಲಿ ಚರ್ಮ ಉಜ್ಜುತ್ತದೆ. ಆದ್ದರಿಂದ ಪ್ರತಿ 15ರಿಂದ 30 ನಿಮಿಷಕ್ಕೊಮ್ಮೆ ನಿಂತು ಆಸನದ ಮೇಲಿನ ಭಾರವನ್ನು ಒಂದೆರಡು ನಿಮಿಷ ಇಳಿಸಲು ನೆರವಾಗಿ. ಮನೆಗೆ ಮರಳಿದ ಮೇಲೆ ಪೃಷ್ಠ, ಬಾಲಮೂಳೆ, ಹಿಮ್ಮಡಿಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ. ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದಿರಬಹುದಾದ್ದರಿಂದ ಬಿಸಿ, ಗಡಸುತನಗಳನ್ನು ಬೆರಳಿನಿಂದ ಮುಟ್ಟಿ ನೋಡಿ. ಹಾಗೇನಾದರೂ ಕಂಡರೆ ಆ ಜಾಗದ ಮೇಲೆ ಭಾರ ಬೀಳದಂತೆ ನೋಡಿಕೊಂಡು ವೈದ್ಯರಿಗೆ ತೋರಿಸಿ, ಅದು ಮಾಯುವವರೆಗೆ ಮುಂದಿನ ಪಯಣವನ್ನು ಮುಂದೂಡಿ.