ಮೈಸೂರು ಸಂಸ್ಥಾನ ಭಾರತದ ಸಂವಿಧಾನವನ್ನು ಒಪ್ಪಿಕೊಂಡದ್ದು ಯಾವಾಗ, ಹೇಗೆ?

ಅಮೆರಿಕದ ಸಂವಿಧಾನ ಜಾರಿಯಾಗಲು 13 ರಾಜ್ಯಗಳಲ್ಲಿ 9 ಒಪ್ಪಬೇಕಿತ್ತು. ನಮ್ಮಲ್ಲಿ ಕೋಲಾರ, ತುಮಕೂರಿನ ಜನರ ಪರವಾಗಿ ಒಪ್ಪಿದವರು ಯಾರು, 1947ರಲ್ಲಿ ಮಹಾರಾಜರು ಹಾಕಿದ ರುಜುವೇ ಸಾಕಾಯಿತೇ ಎಂದು ಕೇಳಿದ್ದೀರಿ.

ಸಾಕಾಗಲಿಲ್ಲ. ಪರೀಕ್ಷೆಗೆ ಓದುವವರು ಹೆಚ್ಚಾಗಿ ಎಡವುವುದೇ ಇಲ್ಲಿ. 1947ರ ಆಗಸ್ಟ್‌ನಲ್ಲಿ ಜಯಚಾಮರಾಜ ಒಡೆಯರ್ ರುಜು ಹಾಕಿದ್ದು ಸೇರ್ಪಡೆ ಪತ್ರಕ್ಕೆ. ಅದರಿಂದ ಕೇಂದ್ರಕ್ಕೆ ಹೋದದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ, ಇಷ್ಟೇ. ಆ ಪತ್ರದ 7ನೇ ಕಲಮು ಓದಿ ನೋಡಿ: ಮುಂದೆ ಬರುವ ಭಾರತದ ಯಾವುದೇ ಸಂವಿಧಾನವನ್ನು ಒಪ್ಪಲೇಬೇಕೆಂಬ ಕಟ್ಟುಪಾಡು ಈ ಪತ್ರದಿಂದ ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ಎರಡನೇ ಒಪ್ಪಿಗೆ ಬೇಕೇ ಬೇಕಿತ್ತು.

ಅದು ಎರಡು ದಾರಿಯಲ್ಲಿ ಬಂತು. ಮೊದಲನೆಯದು ದೆಹಲಿಯದು. ಹತ್ತು ಲಕ್ಷ ಜನರಿಗೆ ಸುಮಾರು ಒಂದು ಸ್ಥಾನ ಎಂಬ ಲೆಕ್ಕದಲ್ಲಿ ಮೈಸೂರಿಗೆ ಭಾರತದ ಸಂವಿಧಾನ ರಚನಾ ಸಭೆಯಲ್ಲಿ 7 ಸ್ಥಾನ ಸಿಕ್ಕಿದವು. ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಕೆ. ಚೆಂಗಲರಾಯ ರೆಡ್ಡಿ, ಕೆಂಗಲ್ ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ ಮೊದಲಾದವರು ಅಲ್ಲಿದ್ದರು. ಇವರು ತಲೆಯಾಡಿಸಲು ಹೋದವರಲ್ಲ. ಅಂತಿಮ ಚರ್ಚೆಯಲ್ಲಿ ಹನುಮಂತಯ್ಯ, ನಮಗೆ ಬೇಕಿದ್ದದ್ದು ವೀಣೆ, ಸಿತಾರಿನ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡಿನ ಸದ್ದು ಎಂದು ನೇರವಾಗಿ ಹೇಳಿದರು. ಸಂಯುಕ್ತ ಪ್ರಾಂತ್ಯದಿಂದ (ಇಂದಿನ ಉತ್ತರ ಪ್ರದೇಶ) ಬಂದಿದ್ದ ಸದಸ್ಯ ಹಸ್ರತ್ ಮೊಹಾನಿಯವರ ತಕರಾರು ಇನ್ನೂ ಬುಡಕ್ಕೆ ಹೋಗುತ್ತದೆ: ವಯಸ್ಕರೆಲ್ಲರ ಮತದಿಂದ ಆಯ್ಕೆಯಾಗದ ಸಭೆ ಸಂವಿಧಾನ ಮಾಡಬಹುದೇ? ಈ ಪ್ರಶ್ನೆಯನ್ನು ಇಂದಿಗೂ ತಳ್ಳಿಹಾಕುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಬೆಂಗಳೂರಿನದು, ನಿಮ್ಮ ಪ್ರಶ್ನೆಗೆ ಉತ್ತರವೂ ಇದೇ. ಜವಾಬ್ದಾರಿ ಸರ್ಕಾರ, ಅಂದರೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ ಬೇಕೆಂದು 1947ರ ಸೆಪ್ಟೆಂಬರಿನಲ್ಲಿ ಶುರುವಾದ ಮೈಸೂರು ಚಲೋ ಚಳವಳಿಯ ಬಳಿಕ ಅಕ್ಟೋಬರಿನಲ್ಲಿ ಚೆಂಗಲರಾಯ ರೆಡ್ಡಿಯವರ ಸರ್ಕಾರ ಬಂತು. ಸಂಸ್ಥಾನಕ್ಕೇ ಪ್ರತ್ಯೇಕ ಸಂವಿಧಾನ ಬರೆಯಲು ಮೈಸೂರು ಸಂವಿಧಾನ ರಚನಾ ಸಭೆಯೂ ಏರ್ಪಟ್ಟಿತು. ಆದರೆ 1949ರಲ್ಲಿ ಸಂಸ್ಥಾನಗಳಿಗೆ ಬೇರೆ ಬೇರೆ ಸಂವಿಧಾನ ಬೇಡ ಎಂದು ತೀರ್ಮಾನವಾಯಿತು. ಆ ಅಕ್ಟೋಬರಿನಲ್ಲಿ ಮೈಸೂರಿನ ಸಭೆ ಭಾರತದ ಸಂವಿಧಾನವನ್ನೇ ಒಪ್ಪಿಕೊಳ್ಳಬೇಕೆಂದು ನಿರ್ಣಯ ಮಾಡಿ ಶಿಫಾರಸು ಮಾಡಿತು. ಅದರ ಆಧಾರದ ಮೇಲೆ ಮಹಾರಾಜರ ಘೋಷಣೆ ಹೊರಟದ್ದು 1949ರ ನವೆಂಬರ್ 25ರಂದು.

ತಾರೀಖನ್ನು ಗಮನಿಸಿ. ದೆಹಲಿಯಲ್ಲಿ ಸಂವಿಧಾನ ಅಂಗೀಕಾರವಾದದ್ದು ಮರುದಿನ, 26ಕ್ಕೆ. ಅದಕ್ಕೇ ಘೋಷಣೆಯಲ್ಲಿ 'ಶೀಘ್ರದಲ್ಲೇ ಅಂಗೀಕಾರವಾಗಲಿರುವ' ಸಂವಿಧಾನ ಎಂಬ ಮಾತಿದೆ. ಆ ಸಂವಿಧಾನಕ್ಕೆ ವಿರುದ್ಧವಾಗಿ ಸಂಸ್ಥಾನದಲ್ಲಿದ್ದ ಸಂವಿಧಾನಾತ್ಮಕ ಏರ್ಪಾಡುಗಳೆಲ್ಲ ರದ್ದು ಎಂದೂ ಅದೇ ಘೋಷಣೆ ಹೇಳಿತು. ಡಿಸೆಂಬರಿನಲ್ಲಿ ಹಳೆಯ ಪ್ರಜಾಪ್ರತಿನಿಧಿ ಸಭೆ ವಿಸರ್ಜನೆಯಾಯಿತು, ಮೈಸೂರು ಸಂವಿಧಾನ ರಚನಾ ಸಭೆಯೇ 1952ರ ಚುನಾವಣೆಯವರೆಗೆ ತಾತ್ಕಾಲಿಕ ವಿಧಾನಸಭೆಯಾಯಿತು.

ಕಾನೂನಿನ ದೃಷ್ಟಿಯಿಂದ ಅಂತಿಮ ರುಜು ಮಹಾರಾಜರದೇ, ಸಭೆಯದು ಶಿಫಾರಸು ಮಾತ್ರ. ಹಾಗೆಂದು ಅದನ್ನು ಅರಮನೆಯ ಕೊಡುಗೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಸಂಸ್ಥಾನದಲ್ಲಿ ಜನರ ಸಭೆಯೊಂದು ನಿರ್ಣಯ ಮಾಡುವ ಸ್ಥಿತಿ ಬಂದದ್ದರ ಹಿಂದೆ 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದ ಧ್ವಜ ಸತ್ಯಾಗ್ರಹದಲ್ಲಿ ಪೊಲೀಸರ ಗುಂಡಿಗೆ ಬಲಿಯಾದವರಿದ್ದಾರೆ. ಗೌರಿಬಿದನೂರು ತಾಲ್ಲೂಕಿನ ಆ ಊರು ಆಗ ಕೋಲಾರ ಜಿಲ್ಲೆಯಲ್ಲಿತ್ತು, 2007ರಿಂದ ಚಿಕ್ಕಬಳ್ಳಾಪುರಕ್ಕೆ ಸೇರಿದೆ.

ಉತ್ತರ ಪತ್ರಿಕೆಯಲ್ಲಿ ಬರೆಯುವಾಗ ಇನ್ನೊಂದು ಎಚ್ಚರ: 368ನೇ ವಿಧಿಯಲ್ಲಿ ಅರ್ಧದಷ್ಟು ರಾಜ್ಯಗಳ ಅನುಮೋದನೆ ಕೇಳುವುದು ಕೆಲವು ತಿದ್ದುಪಡಿಗಳಿಗೆ ಮಾತ್ರ, ಮೂಲ ಸಂವಿಧಾನಕ್ಕೆ ಅದು ಅನ್ವಯಿಸಲಿಲ್ಲ. ಹನುಮಂತಯ್ಯನವರ ಭಾಷಣ ಪೂರ್ತಿ ಬೇಕಿದ್ದರೆ ಭಾರತದ ಸಂವಿಧಾನ ರಚನಾ ಸಭೆಯ ನಡಾವಳಿಯ 11ನೇ ಸಂಪುಟ ತೆರೆಯಿರಿ, 1949ರ ನವೆಂಬರಿನ ಅಂತಿಮ ಚರ್ಚೆಯೆಲ್ಲ ಅದರಲ್ಲೇ ಇದೆ.