ಗುರುಗಳ ಬಗ್ಗೆ ಏನು ಬರೆಯಲಿ?

ಪ್ರಶ್ನೆ: ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದವನು. ನನಗೆ ಇತಿಹಾಸ ಕಲಿಸಿದ ಸರ್ ಈ ವರ್ಷ ನಿವೃತ್ತರಾಗುತ್ತಾರೆ. ಅಭಿನಂದನ ಗ್ರಂಥಕ್ಕೆ ಲೇಖನ ಕೇಳಿದ್ದಾರೆ. ‘ಸರಳ, ಸಜ್ಜನ, ಜ್ಞಾನದ ಗಣಿ’ ಅಂತ ಬರೆದು ಕೂತಿದ್ದೇನೆ, ಮುಂದೆ ಪೆನ್ನು ಓಡುತ್ತಿಲ್ಲ. ಏನು ಬರೆಯಲಿ? ಶಾಲು, ಹಾರ ಬಿಟ್ಟು ಬೇರೆ ಏನಾದರೂ ಕೊಡಬಹುದಾ?
– ಒಬ್ಬ ಓದುಗ, ರಾಣೆಬೆನ್ನೂರು

ಉತ್ತರ: ಆ ಮೂರೂ ಮಾತು ನಿಜವೇ ಇರಬಹುದು. ಆದರೆ ಅವನ್ನು ಯಾರ ಬಗ್ಗೆ ಬೇಕಾದರೂ ಹೇಳಬಹುದು, ಅಲ್ವಾ? ನಿಮ್ಮ ಸರ್ ಎಂಥವರು ಅನ್ನೋದಕ್ಕಿಂತ ಏನು ಮಾಡುತ್ತಿದ್ದರು ಅನ್ನೋದನ್ನು ಬರೆಯಿರಿ.

ನನಗೆ ಶಾಸನ ಓದಲು ಕಲಿಸಿದವರೂ ಅದೇ ವಿಶ್ವವಿದ್ಯಾಲಯದವರು. ಅವರು ಈಗಿಲ್ಲ. ಕಲ್ಲನ್ನು ಉಜ್ಜಿ ತೊಳೆಯುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಪಂಚೆ ಮೇಲೆ ಕಟ್ಟಿ ತಾವೇ ಕೂರುತ್ತಿದ್ದರು. ಆಮೇಲೆ ಅಚ್ಚು ತೆಗೆಯಲು ಒದ್ದೆ ಕಾಗದ ಹೊದಿಸಿ, ಬ್ರಷ್‌ನಿಂದ ಮೆಲ್ಲಗೆ ಬಡಿಯಬೇಕು. ಕಾಗದ ಅಕ್ಷರದ ಕುಳಿಗೆ ಇಳಿಯುತ್ತದೆ. ಮೇಲೆ ಮಸಿ ಒತ್ತಿದರೆ ಕಾಗದ ಕಪ್ಪಾಗಿ, ಅಕ್ಷರ ಬಿಳಿಯಾಗಿ ಏಳುತ್ತದೆ. ಅದು ಒಣಗುವವರೆಗೆ ಅವರು ಊರಿನ ಹಿರಿಯರ ಜೊತೆ ಮಳೆ, ಬೆಳೆ ಮಾತಾಡುತ್ತಿದ್ದರು. ಆ ಮಾತಿನಲ್ಲೇ ಇನ್ನೊಂದು ಕಲ್ಲು ಯಾರ ಹೊಲದ ಬದುವಿನಲ್ಲಿದೆ ಅನ್ನೋದು ಗೊತ್ತಾಗುತ್ತಿತ್ತು.

ಹಾವೇರಿ ಕಡೆ ವೀರಗಲ್ಲುಗಳು ಜಾಸ್ತಿ ಅಂತ ನಿಮಗೆ ಹೇಳಬೇಕಿಲ್ಲ. ಅವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು ಎಂದು ಕಲಿಸಿದ್ದು ಅವರೇ. ಕೆಳಗೆ ಕಾಳಗ, ಅದರ ಮೇಲೆ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ತುದಿಯಲ್ಲಿ ಪೂಜೆ. ನಾವು ತುದಿಯ ಲಿಂಗ ನೋಡುತ್ತ ನಿಂತರೆ, ಕೆಳಗಿನ ಸಾಲಿನ ದನಗಳನ್ನು ತೋರಿಸುತ್ತಿದ್ದರು. ‘ಇವನು ರಾಜನ ಸಲುವಾಗಿ ಸತ್ತಿಲ್ಲ, ಊರ ದನದ ಸಲುವಾಗಿ ಸತ್ತಾನ’ ಎನ್ನುತ್ತಿದ್ದರು.

ಲಕ್ಕುಂಡಿಯ ಬ್ರಹ್ಮ ಜಿನಾಲಯದಲ್ಲೂ ಅಷ್ಟೇ. ಅತ್ತಿಮಬ್ಬೆಯ 1007ರ ಶಾಸನದ ಪಾಠ ಆಯಿತು. ಅವಳು ಕವಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಕಥೆ ನಮಗೆಲ್ಲ ಗೊತ್ತಿತ್ತು. ನಮ್ಮ ಸರ್ ಕೇಳಿದ್ದು ಬೇರೆಯೇ: ‘ಸಾವಿರ ಪ್ರತಿ ಬರೆದವರು ಯಾರು? ಓಲೆ ತಂದವರು ಯಾರು?’ ನಾವೆಲ್ಲ ಸುಮ್ನೆ ನಿಂತಿದ್ದೆವು. ಆ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಹಳೆಯ ಯಾವ ಕಾಗದ ಕೈಗೆ ಬಂದರೂ ಮೊದಲು ಅದನ್ನೇ ಹುಡುಕುತ್ತೇನೆ.

ಇನ್ನೊಂದು ವಿಷಯದಲ್ಲಿ ಅವರು ಬಹಳ ಬಿಗಿ. ಕಲ್ಲಿನಲ್ಲಿ ಅಕ್ಷರ ಸವೆದಿದ್ದರೆ ನಾವು ಅಂದಾಜಿನಿಂದ ತುಂಬುವ ಹಾಗಿರಲಿಲ್ಲ. ‘ಕಾಣಲಿಲ್ಲಂದ್ರ ಚುಕ್ಕಿ ಇಡವಾ. ಕಲ್ಲು ಹೇಳದ್ದನ್ನ ನೀ ಹೇಳಬ್ಯಾಡ.’ ನೀವೂ ಹಾಗೇ ಬರೆಯಿರಿ. ನಿಮ್ಮ ಸರ್ ಆಡದ ದೊಡ್ಡ ಮಾತನ್ನು ಅವರ ಬಾಯಲ್ಲಿ ಇಡಬೇಡಿ. ಸಿಟ್ಟು ಮಾಡುತ್ತಿದ್ದರೆ, ಯಾತಕ್ಕೆ ಮಾಡುತ್ತಿದ್ದರು ಅಂತ ಬರೆಯಿರಿ. ಶಾಸನ ಹುಡುಕಿ ಊರೂರು ತಿರುಗುವಾಗ ಕಾಗದದ ಸುರುಳಿ, ಮಸಿ ಡಬ್ಬಿ ಹೊತ್ತು ಜೊತೆಗೆ ಬಂದ ವಿಭಾಗದ ಸಿಪಾಯಿ ನೆನಪಿದ್ದರೆ ಅವರ ಹೆಸರನ್ನೂ ಸೇರಿಸಿ. ಅಭಿನಂದನ ಗ್ರಂಥಗಳಲ್ಲಿ ಅವರಿಗೆ ಜಾಗ ಸಿಗೋದೇ ಇಲ್ಲ, ನನಗೆ ಅದು ಸರಿ ಕಾಣುವುದಿಲ್ಲ.

ಕಾಣಿಕೆಯ ಬಗ್ಗೆ ಕೇಳಿದ್ದೀರಿ. ಶಾಲು ಹಾಕುವವರು ಬೇರೆ ಇರುತ್ತಾರೆ. ನೀವು ಹಳೆಯ ವಿದ್ಯಾರ್ಥಿಗಳು ನಾಲ್ಕು ಜನ ಸೇರಿ ಸರ್ ಹತ್ತಿರ ಇರುವ ತಿರುಗಾಟದ ನೋಟ್‌ಬುಕ್ಕುಗಳನ್ನು ಕೇಳಿ ತೆಗೆದುಕೊಳ್ಳಿ. ಪುಟಪುಟ ಸ್ಕ್ಯಾನ್ ಮಾಡಿ, ಊರಿನ ಹೆಸರಿನ ಪ್ರಕಾರ ಟೈಪ್ ಮಾಡಿಸಿ. ಒಂದು ಪ್ರತಿ ಸರ್‌ಗೆ, ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಡಿ. ನೋಟ್‌ಬುಕ್ಕಿನಲ್ಲಿದ್ದ ಎಷ್ಟೋ ಕಲ್ಲುಗಳು ಈಗ ಇದ್ದ ಜಾಗದಲ್ಲಿ ಇರಲಿಕ್ಕಿಲ್ಲ. ಕೆಲಸ ಈಗಲೇ ಶುರು ಮಾಡಿ. ಅವರ ಕೈಬರಹ ತಿಳಿಯದ ಕಡೆ ಅವರನ್ನೇ ಕೇಳಬಹುದು. ನನ್ನ ಸರ್ ನೋಟ್‌ಬುಕ್ಕುಗಳ ವಿಷಯದಲ್ಲಿ ನಮಗೆ ಆ ಅನುಕೂಲ ಇರಲಿಲ್ಲ.